ಅಗೆದು, ಉತ್ತು, ಬೇಲಿ ಕಟ್ಟಿದ ನಾಡು: ನಾರ್ಫೋಕ್ ನೆಲದ ಚರಿತ್ರೆ

ಇಂಗ್ಲೆಂಡಿನ ಪೂರ್ವದ ಅಂಚಿನಲ್ಲಿ ಉತ್ತರ ಸಮುದ್ರಕ್ಕೆ ಮೈಯೊಡ್ಡಿಕೊಂಡಿರುವ ಕೌಂಟಿ ನಾರ್ಫೋಕ್. ಅದರ ವಿಸ್ತೀರ್ಣ ಸುಮಾರು 5,400 ಚದರ ಕಿಲೋಮೀಟರ್. ಬೆಟ್ಟ ಎನ್ನಬಹುದಾದದ್ದು ಇಲ್ಲಿ ಇಲ್ಲ. ಉತ್ತರದ ಕ್ರೋಮರ್ ದಿಣ್ಣೆಯ ನೆತ್ತಿ ಕೂಡ ಸಮುದ್ರಮಟ್ಟದಿಂದ ನೂರು ಮೀಟರನ್ನು ತುಸುವೇ ದಾಟುತ್ತದೆ. ಪೂರ್ವದಲ್ಲಿ ಬ್ರಾಡ್ಸ್ ಎಂಬ ಕೆರೆಗಳ ಸಾಲು, ದಕ್ಷಿಣದ ಬ್ರೆಕ್‌ಲ್ಯಾಂಡಿನಲ್ಲಿ ಮರಳು ನೆಲ ಮತ್ತು ಪೈನ್ ಕಾಡು, ಪಶ್ಚಿಮದಲ್ಲಿ ನೇರ ಕಾಲುವೆಗಳು ಹರಿಯುವ ಫೆನ್ ತಗ್ಗು, ಇವುಗಳ ನಡುವೆ ಗೋಧಿ ಮತ್ತು ಬಾರ್ಲಿಯ ಹೊಲಗಳು. ಕೆರೆ, ಕಾಡು, ಕುರುಚಲು ಬಯಲು ಮೂರೂ ನಿಸರ್ಗವೇ ಇಟ್ಟು ಹೋದವು ಎಂದು ನೋಡಿದವರಿಗೆ ಅನ್ನಿಸುತ್ತದೆ. ಆದರೆ ಈ ಕೌಂಟಿಯಲ್ಲಿ ಅತ್ಯಂತ ಸಹಜವಾಗಿ ಕಾಣುವ ನೋಟಗಳೇ ಮನುಷ್ಯರ ಅಗೆತದಿಂದ, ಕುರಿ ಮೇವಿನಿಂದ, ಜಗಳ ಮತ್ತು ಕರಾರುಗಳಿಂದ ಹುಟ್ಟಿದವು.

ನೆಲದ ಅಡಿಪಾಯ ಮಾತ್ರ ಹಿಮದ ಕೆಲಸ. ಕೌಂಟಿಯ ಬಹುಭಾಗದ ಕೆಳಗೆ ಮೆದುವಾದ ಬಿಳಿ ಸುಣ್ಣಕಲ್ಲಿನ ಹಾಸು ಇದೆ. ಸುಮಾರು 4,50,000 ವರ್ಷಗಳ ಹಿಂದೆ ಬಂದ ಹಿಮಹಾಸು ಅದರ ಮೇಲೆ ಜೇಡಿ, ಮರಳು, ಗರಸುಗಳನ್ನು ಹರಡಿತು. ನಡು ಮತ್ತು ದಕ್ಷಿಣ ಭಾಗಕ್ಕೆ ನೀರು ಹಿಡಿದಿಡುವ ಭಾರದ ಜೇಡಿಮಣ್ಣು ಬಂದಿತು. ವಾಯವ್ಯಕ್ಕೂ ಬ್ರೆಕ್‌ಲ್ಯಾಂಡಿಗೂ ಉಳಿದದ್ದು ಹಗುರವಾದ, ಬೇಗ ಸಾರ ಕಳೆದುಕೊಳ್ಳುವ ಮಣ್ಣು. ಮುಂದಿನ ಸಾವಿರಾರು ವರ್ಷಗಳ ಬೇಸಾಯದ ಕತೆಯೆಲ್ಲ ಈ ಎರಡು ಮಣ್ಣುಗಳ ನಡುವಿನ ವ್ಯತ್ಯಾಸದ ಮೇಲೆ ನಡೆದಿದೆ. ಕಟ್ಟಡಕ್ಕೆ ಯೋಗ್ಯವಾದ ಕಲ್ಲು ಇಲ್ಲಿ ಬಹಳ ಅಪರೂಪ. ಸುಣ್ಣಕಲ್ಲಿನ ಪದರಗಳಲ್ಲಿ ಸಿಗುವ ಗಟ್ಟಿ ಚಕಮಕಿ ಕಲ್ಲಿನ ಉಂಡೆಗಳೇ ಊರ ಗೋಡೆಗಳಿಗೂ ಚರ್ಚುಗಳಿಗೂ ಆಧಾರವಾದವು.

ಮನುಷ್ಯರ ಗುರುತು ಇಲ್ಲಿ ಹಿಮಕ್ಕಿಂತಲೂ ಹಳೆಯದು. 2013ರಲ್ಲಿ ಹೇಸ್‌ಬರೋ ಎಂಬ ಕರಾವಳಿ ಹಳ್ಳಿಯ ದಡದಲ್ಲಿ ಅಲೆಗಳು ಮರಳನ್ನು ಎಳೆದೊಯ್ದಾಗ, ಎಂಟು ಲಕ್ಷ ವರ್ಷಗಳಿಗೂ ಹಿಂದಿನ ಹೆಜ್ಜೆಗುರುತುಗಳು ಕಾಣಿಸಿಕೊಂಡವು. ಆಫ್ರಿಕದ ಹೊರಗೆ ಅಲ್ಲಿಯವರೆಗೆ ದೊರೆತ ಅತಿ ಹಳೆಯ ಹೆಜ್ಜೆಗಳು ಅವು. ಸಂಶೋಧಕರು ಅಳತೆ, ಚಿತ್ರ ತೆಗೆದುಕೊಂಡ ಕೆಲವೇ ದಿನಗಳಲ್ಲಿ ಅದೇ ಅಲೆಗಳು ಅವನ್ನು ಅಳಿಸಿದವು. ಆದರೆ ನೆಲದ ರೂಪವನ್ನೇ ಬದಲಿಸುವಂಥ ಕೆಲಸ ಆರಂಭವಾದದ್ದು ನವಶಿಲಾಯುಗದ ರೈತರಿಂದ. ಬ್ರೆಕ್‌ಲ್ಯಾಂಡಿನ ಗ್ರೈಮ್ಸ್ ಗ್ರೇವ್ಸ್‌ನಲ್ಲಿ ಕ್ರಿ.ಪೂ. 2600ರ ಸುಮಾರಿನಿಂದ ಚಕಮಕಿ ಕಲ್ಲಿಗಾಗಿ 400ಕ್ಕೂ ಹೆಚ್ಚು ಗುಂಡಿಗಳನ್ನು ತೋಡಿದರು. ಕೆಲವು 12 ಮೀಟರಿಗಿಂತಲೂ ಆಳ. ಜಿಂಕೆಯ ಕೊಂಬೇ ಅವರ ಗುದ್ದಲಿ. ಮೇಲಿನ ಪದರಗಳಲ್ಲಿ ಸಿಗುವ ಕಲ್ಲನ್ನು ಬಿಟ್ಟು, ತಳದಲ್ಲಿರುವ ಒಳ್ಳೆಯ ಕರಿಯ ಕಲ್ಲಿನ ಪದರವನ್ನೇ ಅವರು ಅರಸಿದರು. ಗುಂಡಿಗಳು ತುಂಬಿಕೊಂಡ ಮೇಲೂ ಆ ಬಯಲು ಹೊಂಡ-ಹೊಂಡವಾಗಿಯೇ ಉಳಿದಿದೆ. ಇದೇ ಜನ ಮತ್ತು ಅವರ ನಂತರದವರು ಮರ ಕಡಿದು, ಮರಳು ನೆಲವನ್ನು ಉತ್ತು, ಸಾರ ಬತ್ತಿದಾಗ ದನಕುರಿಗೆ ಬಿಟ್ಟರು. ಮತ್ತೆ ಮರ ಚಿಗುರಲು ಮೇಯುವ ಬಾಯಿಗಳು ಬಿಡಲಿಲ್ಲ. ಹೀತ್ ಎಂಬ ಕುರುಚಲು ಬಯಲು ರೂಪುಗೊಂಡದ್ದು ಹೀಗೆ.

ಕಂಚಿನ ಯುಗದ ಒಂದು ಅಚ್ಚರಿ 1998ರಲ್ಲಿ ಹೋಮ್ ಊರಿನ ಕಡಲತೀರದಲ್ಲಿ ಕಂಡಿತು. 55 ಓಕ್ ಕಂಬಗಳ ವೃತ್ತ, ಅದರ ನಡುವೆ ಬುಡ ಮೇಲಾಗಿ ಹೂತ ದೊಡ್ಡ ಮರ. ಮರದ ಉಂಗುರಗಳ ಲೆಕ್ಕದಿಂದ ಆ ಮರಗಳನ್ನು ಕಡಿದದ್ದು ಕ್ರಿ.ಪೂ. 2049ರಲ್ಲಿ ಎಂದು ಗೊತ್ತಾಯಿತು. ಕಟ್ಟಿದ ಕಾಲಕ್ಕೆ ಆ ಜಾಗ ಸಮುದ್ರದಿಂದ ದೂರದ ಜೌಗಾಗಿತ್ತು ಎಂಬುದು ಈ ಕರಾವಳಿ ಎಷ್ಟು ಹಿಂದೆ ಸರಿದಿದೆ ಎಂಬುದಕ್ಕೆ ಒಳ್ಳೆಯ ಅಳತೆಗೋಲು.

ರೋಮನ್ನರ ಕಾಲಕ್ಕೆ ಇಲ್ಲಿದ್ದವರು ಐಸೀನಿ ಬುಡಕಟ್ಟಿನವರು. ಕ್ರಿ.ಶ. 60 ಅಥವಾ 61ರಲ್ಲಿ ಅವರ ರಾಣಿ ಬೌಡಿಕಾ ರೋಮಿನ ವಿರುದ್ಧ ಎದ್ದು ಸೋತಳು. ಆ ಮೇಲೆ ಕೇಸ್ಟರ್ ಬಳಿ ವೆಂಟಾ ಐಸೀನೋರಮ್ ಎಂಬ ಪುಟ್ಟ ಆಡಳಿತ ಪಟ್ಟಣ ಎದ್ದಿತು. ಪಟ್ಟಣ ಪೂರ್ತಿ ಹಾಳಾಗಿ ಹೊಲವಾಯಿತು. 1928ರ ಒಣ ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಚಿತ್ರದಲ್ಲಿ ಅದರ ಬೀದಿಗಳೆಲ್ಲ ಬಾಡಿದ ಬಾರ್ಲಿಯ ಗೆರೆಗಳಾಗಿ ಮೂಡಿದವು. ವಾಯವ್ಯಕ್ಕೆ ನೇರವಾಗಿ ಸಾಗುವ ಪೆಡ್ಡರ್ಸ್ ವೇ ರೋಮನ್ ರಸ್ತೆ ಇಂದಿಗೂ ನಡೆಯುವವರ ದಾರಿ. ದಕ್ಷಿಣದ ಸ್ಕೋಲ್ ಸುತ್ತಲ ಹೊಲಗಳ ಗೆರೆಗಳನ್ನು ಅಲ್ಲಿನ ರೋಮನ್ ರಸ್ತೆ ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತದೆ. ಆದ್ದರಿಂದ ಹೊಲಗಳೇ ರಸ್ತೆಗಿಂತ ಹಳೆಯವು ಎಂದು ಭೂದೃಶ್ಯ ಇತಿಹಾಸಕಾರ ಟಾಮ್ ವಿಲಿಯಮ್ಸನ್ 1987ರಲ್ಲಿ ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲ.

ಆಂಗ್ಲೋ-ಸ್ಯಾಕ್ಸನ್ನರು, ಅವರ ಹಿಂದೆ ಡೇನರು ಬಂದರು. ಯಾರ್ಮತ್‌ನ ಉತ್ತರದ ಫ್ಲೆಗ್ ಪ್ರದೇಶದಲ್ಲಿ ಹೆಮ್ಸ್‌ಬಿ, ಫಿಲ್ಬಿ, ಆರ್ಮ್ಸ್‌ಬಿ, ರಾಲ್ಸ್‌ಬಿ ಎಂಬಂತೆ ‘ಬಿ’ಯಿಂದ ಮುಗಿಯುವ ಹೆಸರುಗಳು ಒತ್ತೊತ್ತಾಗಿವೆ. ಡೇನರು ನೆಲೆ ನಿಂತ ಆ ಕಾಲದಲ್ಲಿ ಫ್ಲೆಗ್ ಬಹುಪಾಲು ನೀರು, ಜೌಗುಗಳಿಂದ ಸುತ್ತುವರಿದ ದ್ವೀಪವಾಗಿತ್ತು. 1086ರ ಡೂಮ್ಸ್‌ಡೇ ದಾಖಲೆ ಬರೆಯುವ ಹೊತ್ತಿಗೆ ನಾರ್ಫೋಕ್ ಇಂಗ್ಲೆಂಡಿನ ಅತಿ ಜನನಿಬಿಡ ಕೌಂಟಿಗಳಲ್ಲಿ ಒಂದು. ಒಡೆಯನ ಹಿಡಿತ ಸಡಿಲವಾಗಿದ್ದ ಸ್ವತಂತ್ರ ರೈತರು ಇಲ್ಲಿ ಬಹಳ ಮಂದಿ. ಒಂದೇ ಊರು ಹಲವು ಒಡೆತನಗಳಲ್ಲಿ ಹಂಚಿಹೋಗಿರುತ್ತಿತ್ತು. ಮಧ್ಯ ಇಂಗ್ಲೆಂಡಿನಂತೆ ಚರ್ಚಿನ ಸುತ್ತ ಗುಂಪಾಗಿ ನಿಂತ ಊರು, ಅದರ ಸುತ್ತ ಎರಡೋ ಮೂರೋ ದೊಡ್ಡ ಹೊಲಗಳು ಎಂಬ ಅಚ್ಚುಕಟ್ಟು ಇಲ್ಲಿ ನೆಲೆಗೊಳ್ಳದಿರಲು ಇದೂ ಒಂದು ಕಾರಣ.

ಈ ಕೌಂಟಿಯಲ್ಲಿ ಮಧ್ಯಯುಗದ 600ಕ್ಕೂ ಹೆಚ್ಚು ಚರ್ಚುಗಳು ಉಳಿದಿವೆ. 120ಕ್ಕೂ ಹೆಚ್ಚು ಚರ್ಚುಗಳಿಗೆ ದುಂಡನೆಯ ಗೋಪುರ. ಚಕಮಕಿ ಉಂಡೆಗಳಿಂದ ಚೂಪು ಮೂಲೆ ಕಟ್ಟುವುದು ಕಷ್ಟ, ಮೂಲೆಗಲ್ಲನ್ನು ದೂರದಿಂದ ತರಿಸಬೇಕು, ಅದಕ್ಕೇ ದುಂಡಗೆ ಕಟ್ಟಿದರು ಎಂಬುದು ಹಳೆಯ ವಿವರಣೆ. ಅದರ ಬಗ್ಗೆ ಅನುಮಾನಗಳೂ ಇವೆ. ಇದಕ್ಕಿಂತ ಕುತೂಹಲದ ಸಂಗತಿ, ಎಷ್ಟೋ ಚರ್ಚುಗಳು ಊರಿನಿಂದ ಅರ್ಧ, ಒಂದು ಮೈಲಿ ದೂರ ಹೊಲದ ನಡುವೆ ಒಂಟಿಯಾಗಿ ನಿಂತಿರುವುದು. ಪ್ಲೇಗಿನಲ್ಲಿ ಊರು ಸತ್ತು ಚರ್ಚು ಮಾತ್ರ ಉಳಿಯಿತು ಎಂದು ಸ್ಥಳೀಯರು ಬಹುಕಾಲ ನಂಬಿದ್ದರು. ಪುರಾತತ್ತ್ವಜ್ಞ ಪೀಟರ್ ವೇಡ್-ಮಾರ್ಟಿನ್ಸ್ ನಡುನಾರ್ಫೋಕಿನ ಲಾಂಡಿಚ್ ಹೋಬಳಿಯಲ್ಲಿ ಉತ್ತ ಹೊಲಗಳನ್ನು ಸಾಲುಸಾಲಾಗಿ ನಡೆದು, ಮಡಕೆ ಚೂರುಗಳನ್ನು ಆಯ್ದು, ನಕ್ಷೆಯ ಮೇಲೆ ಗುರುತಿಸಿದರು. 1980ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲಿತಾಂಶ ಸ್ಪಷ್ಟವಾಗಿತ್ತು. ಸ್ಯಾಕ್ಸನ್ ಕಾಲದ ಚೂರುಗಳು ಚರ್ಚಿನ ಸುತ್ತ ಸಿಕ್ಕವು. ಅದರ ನಂತರದ ಶತಮಾನಗಳ ಚೂರುಗಳು ಅಲ್ಲಿ ಕಡಿಮೆಯಾಗಿ ಗೋಮಾಳದ ಅಂಚಿನಲ್ಲಿ ಹೆಚ್ಚಿದವು.

ಅಂದರೆ ಪ್ಲೇಗ್ ಬರುವುದಕ್ಕೆ ಎರಡು ಶತಮಾನ ಮೊದಲೇ, ಊರು ಜೀವಂತವಾಗಿ ಬೆಳೆಯುತ್ತಿದ್ದಾಗಲೇ, ಜನ ಮನೆ ಬದಲಿಸಿದ್ದರು. ಕಾರಣ ಮೇವು. ಜನಸಂಖ್ಯೆ ಏರಿದಂತೆ ಬಯಲೆಲ್ಲ ಉಳುಮೆಗೆ ಸಿಕ್ಕಿತು, ಉಳಿದ ಊರೊಟ್ಟಿನ ಹುಲ್ಲುಗಾವಲು ಚಿನ್ನದ ಬೆಲೆಯದಾಯಿತು. ದನಕ್ಕೆ ಮೇವು, ಒಲೆಗೆ ಸೌದೆ, ಮೇಲ್ಛಾವಣಿಗೆ ಹುಲ್ಲು ಅಲ್ಲಿಂದಲೇ ಬರಬೇಕು. ಮನೆಯ ಬಾಗಿಲು ತೆರೆದರೆ ಗೋಮಾಳ ಸಿಗುವಂತಿರಲಿ ಎಂದು ಒಬ್ಬೊಬ್ಬರೇ ಅದರ ಅಂಚಿಗೆ ಬಂದು ನೆಲೆಸಿದರು. ನಾರ್ಫೋಕಿನ ಹಳ್ಳಿಗಳು ಉದ್ದಕ್ಕೆ ಚದುರಿದಂತೆ ಕಾಣುವುದಕ್ಕೆ, ಬಹುಪಾಲು ಅಳಿದುಹೋದ ಗೋಮಾಳಗಳ ಗಡಿಯನ್ನು ಇಂದಿಗೂ ಮನೆಗಳ ಸಾಲೇ ತೋರಿಸುವುದಕ್ಕೆ ಇದು ಕಾರಣ. ಒಂದು ಪ್ರದೇಶದ ಚರಿತ್ರೆಯನ್ನು ಕಾಗದಪತ್ರಗಳಿಗಿಂತ ಹೊಲದ ಮಣ್ಣೇ ಸರಿಯಾಗಿ ಹೇಳಿದ ಉದಾಹರಣೆಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಸಲ್ಲಬೇಕು.

ಮಣ್ಣು ಹೇಳಿದ ಇನ್ನೊಂದು ಕತೆ ಬ್ರಾಡ್ಸ್‌ನದು. ಬ್ಯೂರ್, ಯೇರ್, ವೇವ್ನಿ ಮತ್ತು ಅವುಗಳ ಉಪನದಿಗಳ ಕಣಿವೆಗಳಲ್ಲಿ 60ರಷ್ಟು ಆಳವಿಲ್ಲದ ಕೆರೆಗಳಿವೆ, ಕೆಲವು ನೆರೆಯ ಸಫೋಕ್ ಕೌಂಟಿಗೂ ಸೇರುತ್ತವೆ. ಹೆಚ್ಚಿನವುಗಳ ಆಳ 12 ಅಡಿಗಿಂತ ಕಡಿಮೆ. ರೋಮನ್ ಕಾಲದಲ್ಲಿ ಇಲ್ಲಿದ್ದ ದೊಡ್ಡ ಅಳಿವೆ ಹೂಳು ತುಂಬಿ ಮುಚ್ಚಿಕೊಂಡಾಗ ಅಲ್ಲಲ್ಲಿ ಉಳಿದ ನೀರೇ ಈ ಕೆರೆಗಳು ಎಂಬುದು 20ನೆಯ ಶತಮಾನದ ನಡುವಿನವರೆಗೂ ಒಪ್ಪಿತ ಮಾತಾಗಿತ್ತು. ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ 1950ರ ದಶಕದಲ್ಲಿ ಕೈ ಕೊರೆಯುವ ಸಲಾಕೆ ಹಿಡಿದು ಜೌಗಿಗಿಳಿದು, ಕೆಲವೇ ಅಡಿಗಳ ಅಂತರದಲ್ಲಿ ನೆಲವನ್ನು ಕೊರೆಯುತ್ತಾ ಹೋದರು. ನಿಸರ್ಗ ಮಾಡಿದ ಕೆರೆಗೆ ಇಳಿಜಾರು ದಡ ಇರಬೇಕಿತ್ತು. ಅವರಿಗೆ ಸಿಕ್ಕಿದ್ದು ಗೋಡೆಯಂತೆ ನೆಟ್ಟಗಿನ ಅಂಚು, ಚಪ್ಪಟೆ ತಳ, ನಡುವೆ ಅಗೆಯದೆ ಬಿಟ್ಟ ಉದ್ದನೆಯ ದಿಂಡುಗಳು. ಆ ದಿಂಡುಗಳು ಹಳೆಯ ನಕ್ಷೆಗಳ ಹಿಡುವಳಿ ಗಡಿಗಳಿಗೆ ಹೊಂದಿದವು.

ಕೆರೆಗಳೆಲ್ಲ ಮಧ್ಯಯುಗದ ಗಣಿಗಳಾಗಿದ್ದವು. ಅಲ್ಲಿ ತೆಗೆದದ್ದು ಪೀಟ್: ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಸಸ್ಯಗಳ ಕಪ್ಪು ಮಣ್ಣು. ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಅದು ಒಳ್ಳೆಯ ಉರುವಲು. ಮೇಲಿನ ಪದರಗಳಿಗಿಂತ ತಳದಲ್ಲಿರುವ, ಮರದ ಚೂರುಗಳು ಸೇರಿದ ಪೀಟ್ ಹೆಚ್ಚು ಕಾವು ಕೊಡುತ್ತಿದ್ದುದರಿಂದ ಅಷ್ಟು ಆಳಕ್ಕೆ ಅಗೆದರು. ಮರ ವಿರಳವಾಗಿ, ಜನ ದಟ್ಟವಾಗಿದ್ದ ಪೂರ್ವ ನಾರ್ಫೋಕಿಗೆ, ನಾರ್ವಿಚ್ ಮತ್ತು ಯಾರ್ಮತ್ ಪಟ್ಟಣಗಳ ಒಲೆಗಳಿಗೆ ಇದೇ ಸೌದೆ. ಸೇಂಟ್ ಬೆನೆಟ್ ಮಠ ಮತ್ತು ನಾರ್ವಿಚ್ ಕೆಥೆಡ್ರಲ್ಲಿನ ಲೆಕ್ಕಪತ್ರಗಳಲ್ಲಿ ಪೀಟ್ ಕಡಿಯುವ ಹಕ್ಕು, ಅದರ ಮಾರಾಟ, ಕೂಲಿ ಪದೇ ಪದೇ ಬರುತ್ತವೆ. ಲ್ಯಾಂಬರ್ಟ್ ಹಾಗೂ ಸಂಗಡಿಗರು 1960ರಲ್ಲಿ ಪ್ರಕಟಿಸಿದ ಅಧ್ಯಯನ ಸಸ್ಯವಿಜ್ಞಾನ, ಭೂಗೋಳ, ದಾಖಲೆ ಮೂರನ್ನೂ ಒಟ್ಟಿಗೆ ಇಟ್ಟು ಪ್ರಶ್ನೆಯನ್ನು ತೀರ್ಮಾನಿಸಿತು. ಅವರ ಅಂದಾಜಿನಂತೆ ಹೊರತೆಗೆದ ಪೀಟ್ 90 ಕೋಟಿ ಘನ ಅಡಿಗೂ ಮಿಕ್ಕಿತ್ತು. ಅದೆಲ್ಲವೂ ಸಲಿಕೆಯಿಂದ, ಕೈಯಿಂದ ಆದ ಕೆಲಸ.

ಅಗೆಯುವ ಕಾಲಕ್ಕೆ ಸಮುದ್ರದ ಮಟ್ಟ ನೆಲಕ್ಕೆ ಹೋಲಿಸಿದರೆ ತಗ್ಗಿನಲ್ಲಿತ್ತು, ಗುಂಡಿಗಳನ್ನು ಒಣಗಿಸಿ ಇಟ್ಟುಕೊಳ್ಳುವುದು ಸಾಧ್ಯವಿತ್ತು. 13ನೆಯ ಶತಮಾನದ ಕೊನೆಯಿಂದ ಅದು ಬದಲಾಯಿತು. 1287ರ ಡಿಸೆಂಬರಿನ ಸಮುದ್ರ ಪ್ರಳಯ ಹಿಕ್ಲಿಂಗ್ ಸುತ್ತ ಭೀಕರ ಸಾವುನೋವು ತಂದಿತು. ಆಮೇಲೆ ನೀರು ಗುಂಡಿಗಳಿಗೆ ಪದೇ ಪದೇ ನುಗ್ಗತೊಡಗಿತು. 1349ರ ಪ್ಲೇಗ್ ಕೂಲಿಯಾಳುಗಳನ್ನು ಕಸಿದುಕೊಂಡಿತು. 14ನೆಯ ಶತಮಾನದ ದಾಖಲೆಗಳಲ್ಲಿ ಪೀಟ್ ಮಾರಾಟ ಇಳಿಯುತ್ತಾ, ಅದೇ ಜಾಗಗಳಲ್ಲಿ ಮೀನುಗಾರಿಕೆ ಮತ್ತು ಜೊಂಡಿನ ಆದಾಯ ಕಾಣಿಸಿಕೊಳ್ಳುತ್ತದೆ. ಗಣಿ ಕೆರೆಯಾದದ್ದನ್ನು ಲೆಕ್ಕದ ಗುಮಾಸ್ತರು ಹೀಗೆ ಅರಿವಿಲ್ಲದೆಯೇ ಬರೆದಿಟ್ಟಿದ್ದಾರೆ. ಮುಂದೆ ಸುತ್ತಲಿನ ಜೌಗನ್ನು ಗಾಳಿಯಂತ್ರಗಳಿಂದ ಬಸಿದು ಹುಲ್ಲುಗಾವಲು ಮಾಡಿದರು. ಹೊರೆ ಸಾಗಿಸಲು ಒಂದೇ ಹಾಯಿಯ ವೆರಿ ದೋಣಿಗಳು ಓಡಾಡಿದವು. ಇಲ್ಲಿ ಕೊಯ್ದ ಜೊಂಡನ್ನು ಮನೆಗಳ ಮೇಲೆ ಹೊದಿಸಲು ಇಂದಿಗೂ ಬಳಸುತ್ತಾರೆ.

ಮಧ್ಯಯುಗದ ಕೊನೆಯ ಸಂಪತ್ತು ಕುರಿಯಿಂದ ಬಂದಿತು. ವರ್‌ಸ್ಟೆಡ್ ಎಂಬ ಹಳ್ಳಿ ಒಂದು ಬಗೆಯ ಉಣ್ಣೆ ಬಟ್ಟೆಗೆ ತನ್ನ ಹೆಸರು ಕೊಟ್ಟಿತು. ಆ ಪುಟ್ಟ ಊರಿಗೆ ಪಟ್ಟಣಕ್ಕೊಪ್ಪುವ ಚರ್ಚು ಬಂದದ್ದು ಆ ವ್ಯಾಪಾರದಿಂದ. ಹಗುರ ಮಣ್ಣಿನ ಪ್ರದೇಶದಲ್ಲಿ ಕುರಿಗೆ ಇನ್ನೊಂದು ಕೆಲಸವೂ ಇತ್ತು. ಹಗಲು ಹೀತ್ ಬಯಲಲ್ಲಿ ಮೇದ ಮಂದೆಯನ್ನು ರಾತ್ರಿ ಹೊಲದಲ್ಲಿ ತಡಿಕೆ ಕಟ್ಟಿ ನಿಲ್ಲಿಸಿದರೆ ಹಿಕ್ಕೆ ಮತ್ತು ಗಂಜಲ ಮರಳು ಮಣ್ಣಿಗೆ ಸಾರ ಕೊಡುತ್ತಿದ್ದವು. ಆದರೆ ಮಂದೆ ಇಡುವ ಹಕ್ಕು ಬಹುಮಟ್ಟಿಗೆ ಒಡೆಯನದು. ರೈತರ ಹೊಲಗಳ ಮೇಲೆ ಕೊಯ್ಲಿನ ನಂತರ ಓಡಾಡುವುದು ಅವನ ಕುರಿ. ಉಣ್ಣೆಯ ಬೆಲೆ ಏರಿದಾಗ ಒಡೆಯರು ಮಂದೆಗಳನ್ನು ಹಿಗ್ಗಿಸಿದರು, ಗೋಮಾಳವನ್ನು ತುಂಬಿದರು, ಕೆಲವರು ಬೇಲಿ ಹಾಕಿ ಒಳಗೆ ಹಾಕಿಕೊಂಡರು.

1549ರ ಜುಲೈಯಲ್ಲಿ ವಿಂಡಮ್ ಪಟ್ಟಣದಲ್ಲಿ ಜನ ಬೇಲಿ ಮುರಿಯಲು ಆರಂಭಿಸಿದರು. ತನ್ನ ಬೇಲಿಯನ್ನು ಮುರಿಯಲು ಬಂದವರಿಗೆ ತಾನೇ ನಾಯಕನಾದ ರಾಬರ್ಟ್ ಕೆಟ್. ಸುಮಾರು 16,000 ಮಂದಿ ನಾರ್ವಿಚ್‌ನ ಹೊರಗಿನ ಮೌಸ್‌ಹೋಲ್ಡ್ ಹೀತ್‌ನಲ್ಲಿ ವಾರಗಟ್ಟಲೆ ಬೀಡುಬಿಟ್ಟರು. ಅವರು ರಾಜನಿಗೆ ಕಳಿಸಿದ 29 ಬೇಡಿಕೆಗಳಲ್ಲಿ ಒಡೆಯರು ಗೋಮಾಳದಲ್ಲಿ ಮೇಯಿಸಬಾರದೆಂಬುದು ಮುಖ್ಯವಾದದ್ದು. ದುಡಿಯುವವರ ಮೇವಿನ ಹಕ್ಕನ್ನು ಇಷ್ಟು ಖಚಿತವಾದ ಮಾತುಗಳಲ್ಲಿ ಮುಂದಿಟ್ಟ ಪತ್ರಗಳು ಆ ಶತಮಾನದಲ್ಲಿ ವಿರಳ. ಆಗಸ್ಟ್ 27ರಂದು ಡಸಿನ್‌ಡೇಲ್‌ನಲ್ಲಿ ಸರ್ಕಾರಿ ಸೈನ್ಯ ಬಂಡಾಯವನ್ನು ಹತ್ತಿಕ್ಕಿತು. ಡಿಸೆಂಬರ್ 7ರಂದು ಕೆಟ್‌ನನ್ನು ನಾರ್ವಿಚ್ ಕೋಟೆಯ ಗೋಡೆಯಿಂದ ನೇತುಹಾಕಲಾಯಿತು. ಕೋಟೆಯ ಗೋಡೆಯಲ್ಲಿ ಅವನ ಗೌರವಕ್ಕೆ ಫಲಕ ಬಂದದ್ದು ನಾಲ್ಕು ಶತಮಾನಗಳ ನಂತರ, 1949ರಲ್ಲಿ.

ಗೋಮಾಳದ ಜಗಳದಲ್ಲಿ ಒಡೆಯರೇ ಗೆದ್ದರು. ಗಾಡ್‌ವಿಕ್‌ನಂತಹ ಊರುಗಳು ಜನ ಕರಗುತ್ತಾ ಕರಗುತ್ತಾ ಖಾಲಿಯಾದವು. ಬೀದಿಗಳು ಈಗ ಹುಲ್ಲಿನಡಿಯ ತಗ್ಗುಗಳು. 18ನೆಯ ಶತಮಾನದಲ್ಲಿ ಊರನ್ನು ಎತ್ತಿ ಬೇರೆಡೆ ಇಡುವಷ್ಟು ಬಲ ದೊಡ್ಡ ಮನೆತನಗಳಿಗೆ ಬಂದಿತ್ತು. ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿದ ರಾಬರ್ಟ್ ವಾಲ್‌ಪೋಲ್ 1722ರಿಂದ ಹೌಟನ್‌ನಲ್ಲಿ ಅರಮನೆ ಕಟ್ಟಿಸಿದ. ಕಿಟಕಿಯ ಮುಂದಿನ ಹಳ್ಳಿ ನೋಟಕ್ಕೆ ಅಡ್ಡ ಬಂದುದರಿಂದ 1729ರಿಂದ ಅದನ್ನು ಉದ್ಯಾನದ ಗೇಟಿನ ಹೊರಗೆ ಹೊಸದಾಗಿ, ಎರಡು ಸಾಲು ಬಿಳಿ ಮನೆಗಳಾಗಿ ಕಟ್ಟಲಾಯಿತು. ಚರ್ಚು ಮಾತ್ರ ಉದ್ಯಾನದೊಳಗೇ ಉಳಿಯಿತು. ಇಂಥ ಉದ್ಯಾನಗಳಲ್ಲಿ ಅತ್ಯುತ್ತಮವೆನ್ನಬೇಕಾದದ್ದು ಶೆರಿಂಗಮ್. ಹಂಫ್ರಿ ರೆಪ್ಟನ್ 1812ರಲ್ಲಿ ಅದಕ್ಕೆ ಯೋಜನೆ ಹಾಕಿದಾಗ ಅಲ್ಲಿದ್ದ ದಿಣ್ಣೆ, ಕಾಡು, ಕಡಲ ನೋಟಗಳನ್ನು ಹೆಚ್ಚು ಕದಡದೆ ಬಳಸಿಕೊಂಡ. ತನ್ನ ಕೆಲಸಗಳಲ್ಲೆಲ್ಲ ಅವನಿಗೆ ಅದೇ ಮೆಚ್ಚು.

ಇಂಗ್ಲೆಂಡಿನ ಕೃಷಿ ಕ್ರಾಂತಿಯ ಕತೆಯಲ್ಲಿ ನಾರ್ಫೋಕಿನ ಹೆಸರು ಎಲ್ಲಕ್ಕಿಂತ ಮುಂದೆ. ಮೊದಲ ವರ್ಷ ಗೋಧಿ, ಎರಡನೆಯದು ಟರ್ನಿಪ್, ಮೂರನೆಯದು ಬಾರ್ಲಿ, ನಾಲ್ಕನೆಯದು ಕ್ಲೋವರ್ ಎಂಬ ನಾಲ್ಕು ಬೆಳೆಯ ಸರದಿ ಭೂಮಿಯನ್ನು ಬೀಳು ಬಿಡುವ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. ಟರ್ನಿಪ್ ಗಡ್ಡೆ ಚಳಿಗಾಲದ ಮೇವು, ಅದರ ಸಾಲುಗಳ ನಡುವೆ ಕಳೆ ತೆಗೆಯಲು ಅವಕಾಶ. ಕ್ಲೋವರ್ ಮಣ್ಣಿಗೆ ಸಾರಜನಕ ತರುತ್ತದೆ. ಎರಡೂ ಸೇರಿ ಹೆಚ್ಚು ಜಾನುವಾರು, ಹೆಚ್ಚು ಗೊಬ್ಬರ, ಮತ್ತೆ ಹೆಚ್ಚು ಧಾನ್ಯ. ರೇನಮ್‌ನ ‘ಟರ್ನಿಪ್’ ಟೌನ್‌ಶೆಂಡ್, ಹೋಲ್ಕಮ್‌ನ ಥಾಮಸ್ ವಿಲಿಯಂ ಕೋಕ್ ಇದನ್ನು ಕಂಡುಹಿಡಿದರೆಂದು ಶಾಲಾ ಪುಸ್ತಕಗಳು ಹೇಳುತ್ತಾ ಬಂದವು. ಅದು ನಿಜವಲ್ಲ. ಟೌನ್‌ಶೆಂಡ್ ಹುಟ್ಟಿದ್ದು 1674ರಲ್ಲಿ. ಅದಕ್ಕೂ ಮೊದಲೇ ನಾರ್ಫೋಕಿನ ಸಾಮಾನ್ಯ ರೈತರು ಹೊಲದಲ್ಲಿ ಟರ್ನಿಪ್ ಬೆಳೆಯುತ್ತಿದ್ದರು. ಕೋಕ್‌ಗೆ 1776ರಲ್ಲಿ ಆಸ್ತಿ ಬಂದಾಗ ಅದು ಆಗಲೇ ಸುಧಾರಿತ ಬೇಸಾಯದ ಜಮೀನು. ಕೋಕ್‌ನ ಕೊಡುಗೆ ಬೇರೆ: ದೀರ್ಘಾವಧಿಯ ಗೇಣಿ ಕರಾರುಗಳಿಂದ ಗೇಣಿದಾರನಿಗೆ ಭೂಮಿಗೆ ದುಡ್ಡು ಹಾಕುವ ಧೈರ್ಯ ಬಂದಿತು, 1821ರವರೆಗೆ ನಡೆದ ಕುರಿ ಕತ್ತರಿಸುವ ವಾರ್ಷಿಕ ಮೇಳಗಳಿಂದ ಹೊಸ ಪದ್ಧತಿಗಳು ದೂರದೂರಕ್ಕೆ ಹರಡಿದವು. ಹೆಸರಿಲ್ಲದ ರೈತರ ಪ್ರಯೋಗಕ್ಕೆ ಶ್ರೀಮಂತರ ಹೆಸರು ಅಂಟಿಕೊಂಡದ್ದನ್ನು ಸರಿಪಡಿಸುವುದು ಇತಿಹಾಸದ ಕರ್ತವ್ಯ.

ಹಗುರ ಮಣ್ಣಿನಲ್ಲಿ ಈ ಸರದಿ ನಡೆಯಬೇಕಾದರೆ ಮೊದಲು ಮಣ್ಣಿನ ಹುಳಿ ಇಳಿಯಬೇಕಿತ್ತು. ಅದಕ್ಕಾಗಿ ಹೊಲದ ಮೂಲೆಯಲ್ಲೇ ಗುಂಡಿ ತೋಡಿ, ಕೆಳಗಿನ ಸುಣ್ಣಾಂಶದ ಮಾರ್ಲ್ ಮಣ್ಣನ್ನು ಗಾಡಿಗಟ್ಟಲೆ ಮೇಲೆ ಹರಡಿದರು. ಹೊಲ ಹೊಲಕ್ಕೂ ಹೀಗೆ ತೋಡಿದ ಗುಂಡಿಗಳಲ್ಲಿ ಮಳೆನೀರು ನಿಂತು ಹೊಂಡಗಳಾದವು.

ಗೋಮಾಳಗಳ ಅಂತ್ಯ ಬಂದದ್ದು ನೆಪೋಲಿಯನ್ ಯುದ್ಧಗಳ ಕಾಲಕ್ಕೆ. ಧಾನ್ಯದ ಬೆಲೆ ಆಕಾಶಕ್ಕೇರಿದ 1793–1815ರ ನಡುವೆ ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಊರಿನ ನಂತರ ಊರು ಬೇಲಿಗೊಳಗಾಯಿತು. ಮಧ್ಯ ಇಂಗ್ಲೆಂಡಿನಲ್ಲಿ ಈ ಕಾಯಿದೆಗಳು ಮುಖ್ಯವಾಗಿ ಉಳುವ ಹೊಲಗಳನ್ನು ಹಂಚಿದರೆ, ನಾರ್ಫೋಕಿನಲ್ಲಿ ಅವು ಹೆಚ್ಚಾಗಿ ನುಂಗಿದ್ದು ಗೋಮಾಳ ಮತ್ತು ಹೀತ್‌ಗಳನ್ನು. ವಿಲಿಯಂ ಫೇಡನ್ 1797ರಲ್ಲಿ ಪ್ರಕಟಿಸಿದ ಕೌಂಟಿ ನಕ್ಷೆಯಲ್ಲಿ ಅವು ಇನ್ನೂ ಅಗಲವಾಗಿ ಹರಡಿವೆ. ಕೆಲವೇ ದಶಕಗಳ ನಂತರದ ನಕ್ಷೆಗಳಲ್ಲಿ ಅದೇ ಜಾಗಗಳಲ್ಲಿ ನೇರ ರಸ್ತೆ, ಚೌಕ ಹೊಲ, ಒಂದೇ ಜಾತಿಯ ಮುಳ್ಳುಗಿಡದ ಬೇಲಿ. ಇಂದಿಗೂ ಬೇಲಿ ನೋಡಿ ಕಾಲ ಹೇಳಬಹುದು: ಅಂಕುಡೊಂಕಾಗಿ, ಹಲವು ಜಾತಿಯ ಗಿಡ ಬೆಳೆದ ಬೇಲಿ ಸಾಮಾನ್ಯವಾಗಿ ಹಳೆಯದು, ದಾರ ಹಿಡಿದು ನೆಟ್ಟಂತಹ ಹಾಥಾರ್ನ್ ಬೇಲಿ ಆ ಕಾಯಿದೆಗಳ ಕಾಲದ್ದು.

ಕೆಟ್‌ನ ಪಾಳೆಯ ಬಿದ್ದಿದ್ದ ಮೌಸ್‌ಹೋಲ್ಡ್ ಒಂದು ಕಾಲಕ್ಕೆ ನಾರ್ವಿಚ್‌ನ ಗೋಡೆಯಿಂದ ಮೈಲಿಗಟ್ಟಲೆ ಬ್ರಾಡ್ಸ್‌ನ ಕಡೆಗೆ ಚಾಚಿತ್ತು. 19ನೆಯ ಶತಮಾನದ ಆರಂಭದಲ್ಲಿ ಅದರ ಬಹುಭಾಗ ಹೊಲವಾಯಿತು. ನಾರ್ವಿಚ್‌ನ ಚಿತ್ರಕಾರರು, 1803ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡವರು, ಮೌಸ್‌ಹೋಲ್ಡ್‌ನ ತೆರೆದ ಬಯಲನ್ನು ಮತ್ತೆ ಮತ್ತೆ ಬಿಡಿಸಿದರು. ಜಾನ್ ಕ್ರೋಮ್‌ನ ಹೆಸರಾಂತ ಚಿತ್ರ 1820ರ ಆಸುಪಾಸಿನದು. ಅಂದರೆ ಅದರಲ್ಲಿರುವ ಬೇಲಿಯಿಲ್ಲದ ಬಯಲು ಆಗಲೇ ಬಹುಪಾಲು ಇಲ್ಲವಾಗಿತ್ತು. ಈಗ ಉಳಿದಿರುವುದು ನಗರದ ಕೈಯಲ್ಲಿರುವ 74 ಹೆಕ್ಟೇರ್, ಅದೂ ಮೇಯುವವರಿಲ್ಲದೆ ಮರ ಬೆಳೆದು ಹೆಚ್ಚು ಕಡಿಮೆ ಕಾಡಾಗಿದೆ. ಗೋಮಾಳ ಕಳೆದುಕೊಂಡ ಕುಟುಂಬಗಳಿಗೆ ಹಸು, ಸೌದೆ ಎರಡೂ ಹೋದವು, ಕೂಲಿಯೊಂದೇ ಗತಿಯಾಯಿತು. 1830ರಲ್ಲಿ ಕಾಳು ಬಡಿಯುವ ಯಂತ್ರಗಳು ಚಳಿಗಾಲದ ಕೂಲಿಯನ್ನೂ ಕಿತ್ತುಕೊಂಡಾಗ ನಾರ್ಫೋಕಿನ ಕೂಲಿಗಳು ಅವನ್ನು ಒಡೆದು ಹಾಕಿದರು. ಕೂಲಿಯೂ ಸಿಗದವರು ಸೇರುತ್ತಿದ್ದ ಗ್ರೆಸನ್‌ಹಾಲ್‌ನ ಬಡವರ ಮನೆ ಈಗ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯ.

ಬ್ರೆಕ್‌ಲ್ಯಾಂಡಿನ ದಾರಿಯೇ ಬೇರೆ. ನಾರ್ಮನ್ನರು ತಂದ ಮೊಲವನ್ನು ಇಲ್ಲಿ ಮಾಂಸ ಮತ್ತು ತುಪ್ಪಳಕ್ಕಾಗಿ ಸಾಕಿದರು. ಕಳ್ಳರಿಂದ ಮೊಲಗಳನ್ನು ಕಾಯಲು ಥೆಟ್‌ಫರ್ಡ್ ಮಠದವರು 1400ರ ಸುಮಾರಿಗೆ ಕಟ್ಟಿಸಿದ ಕೋಟೆಯಂತಹ ಮನೆ ಇನ್ನೂ ನಿಂತಿದೆ. ಮೊಲ ಮತ್ತು ಕುರಿ ಸೇರಿ ನೆಲದ ಹೊದಿಕೆ ಕಿತ್ತು ಮರಳು ಹಾರಲು ಬಿಟ್ಟವು. 17ನೆಯ ಶತಮಾನದಲ್ಲಿ ಗಡಿಯಾಚೆಯ ಸ್ಯಾಂಟನ್ ಡೌನಮ್ ಹಳ್ಳಿ ಹಾರುವ ಮರಳಿನಲ್ಲಿ ಹೂತುಹೋಗುವ ಸ್ಥಿತಿಗೆ ಬಂದಿತ್ತು. ಅದಕ್ಕೆ ತಡೆಯಾಗಿ 19ನೆಯ ಶತಮಾನದ ಆರಂಭದಲ್ಲಿ ಹೊಲಗಳ ಅಂಚಿಗೆ ಪೈನ್ ಸಾಲುಗಳನ್ನು ನೆಟ್ಟರು. ಒಂದು ಕಾಲಕ್ಕೆ ಬೇಲಿಯಂತೆ ಸವರುತ್ತಿದ್ದ ಆ ಗಿಡಗಳೇ ಬಿಟ್ಟುಬಿಟ್ಟಾಗ ತಿರುಚಿ ಬೆಳೆದು ಈ ಪ್ರದೇಶದ ಗುರುತಾದವು. ಒಂದನೆಯ ಮಹಾಯುದ್ಧದಲ್ಲಿ ಮರದ ಕೊರತೆ ಕಂಡ ಸರ್ಕಾರ 1919ರಲ್ಲಿ ಅರಣ್ಯ ಆಯೋಗ ಸ್ಥಾಪಿಸಿತು. ಕೃಷಿ ಕುಸಿದು ಅಗ್ಗವಾಗಿದ್ದ ಇಲ್ಲಿನ ಭೂಮಿ ಕೊಂಡು 1922ರಿಂದ ನೆಟ್ಟ ಥೆಟ್‌ಫರ್ಡ್ ಕಾಡು, ಸಫೋಕ್ ಭಾಗವೂ ಸೇರಿ, ಸುಮಾರು 19,000 ಹೆಕ್ಟೇರ್. ಪ್ರವಾಸಿಗಳು ಪುರಾತನವೆಂದು ತಿಳಿಯುವ ಕಾಡಿಗೆ ನೂರು ವರ್ಷ ಈಗಷ್ಟೇ ತುಂಬಿದೆ. ಪಕ್ಕದಲ್ಲಿ, 1942ರಲ್ಲಿ ಸೇನಾ ತರಬೇತಿಗೆಂದು ಸ್ಟ್ಯಾನ್‌ಫರ್ಡ್, ಟಾಟಿಂಗ್ಟನ್, ವೆಸ್ಟ್ ಟಾಫ್ಟ್ಸ್ ಮೊದಲಾದ ಹಳ್ಳಿಗಳನ್ನು ತೆರವು ಮಾಡಿಸಿದರು. ಜನರು ಮತ್ತೆ ಅಲ್ಲಿಗೆ ವಾಸಕ್ಕೆ ಬರಲೇ ಇಲ್ಲ. ಚರ್ಚುಗಳು ಬೇಲಿಯೊಳಗೆ ಬೀಗ ಹಾಕಿಕೊಂಡಿವೆ.

ಪಶ್ಚಿಮದ ಫೆನ್‌ನಲ್ಲಿ ಬೆಡ್‌ಫರ್ಡ್ ಅರ್ಲ್ ಮತ್ತು ಪಾಲುದಾರರು 1630ರ ದಶಕದಲ್ಲಿ ಹಣ ಹಾಕಿ, ಡಚ್ ಇಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್‌ನ ಯೋಜನೆಯಂತೆ ಜೌಗನ್ನು ಬಸಿಯಲು ಹೊರಟರು. 1637ರಲ್ಲಿ ಹಳೆಯ ಬೆಡ್‌ಫರ್ಡ್ ಕಾಲುವೆ, 1651ರಲ್ಲಿ ಹೊಸದು, ಅದರ ಜೊತೆಗೆ ನಾರ್ಫೋಕಿನ ಡೆನ್ವರ್‌ನಲ್ಲಿ ದೊಡ್ಡ ತೂಬು. ನೀರು ಬಸಿದಂತೆ ಪೀಟ್ ಒಣಗಿ ಕುಗ್ಗಿತು, ಹೊಲ ನದಿಗಿಂತ ಕೆಳಗಿಳಿಯಿತು. ನೀರನ್ನು ಮೇಲಕ್ಕೆತ್ತಲು ಮೊದಲು ಗಾಳಿಯಂತ್ರ, ಆಮೇಲೆ ಉಗಿಯಂತ್ರ, ಡೀಸೆಲ್, ವಿದ್ಯುತ್ ಬೇಕಾದವು. ಬಂಗಾರದಂತಹ ಈ ಕರಿಮಣ್ಣು ಇಂದಿಗೂ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ಕರಾವಳಿ ಎಂದೂ ನಿಂತಲ್ಲಿ ನಿಂತಿಲ್ಲ. ಉತ್ತರದ ಕ್ಲೈ, ಬ್ಲೇಕ್ನಿ ಬಂದರುಗಳು ಹೂಳಿನಿಂದ ಮುಚ್ಚಿಹೋದವು; ಕ್ಲೈಯ ಭವ್ಯ ಚರ್ಚು ಈಗ ಹಡಗಿಲ್ಲದ ಹುಲ್ಲುಗಾವಲಿಗೆ ಮುಖ ಮಾಡಿದೆ. ಪೂರ್ವದಲ್ಲಿ ಸಮುದ್ರ ನೆಲ ತಿನ್ನುತ್ತದೆ. ಕ್ರೋಮರ್ ಮುಂದಿದ್ದ ಶಿಪ್‌ಡೆನ್ ಹಳ್ಳಿ ಮಧ್ಯಯುಗದಲ್ಲೇ ಮುಳುಗಿತು, ಎಕ್ಲ್ಸ್ ಚರ್ಚಿನ ಗೋಪುರ 1895ರ ಜನವರಿಯ ಬಿರುಗಾಳಿಯಲ್ಲಿ ಮರಳಿಗೆ ಉರುಳಿತು. 1953ರ ಜನವರಿ 31ರ ರಾತ್ರಿಯ ಪ್ರವಾಹ ಇಂಗ್ಲೆಂಡಿನಲ್ಲಿ 307 ಜನರನ್ನು ಬಲಿ ತೆಗೆದುಕೊಂಡಿತು, ಅವರಲ್ಲಿ 100 ಮಂದಿ ನಾರ್ಫೋಕಿನವರು. ತಡೆಗೋಡೆ ಎಲ್ಲೆಡೆ ಕಟ್ಟಲು ಸಾಧ್ಯವಿಲ್ಲವೆಂದು ಒಪ್ಪಿಕೊಂಡ ಮೇಲೆ 2019ರಲ್ಲಿ ಬ್ಯಾಕ್ಟನ್‌ನಲ್ಲಿ 18 ಲಕ್ಷ ಘನ ಮೀಟರ್ ಮರಳನ್ನು ದಡಕ್ಕೆ ಸುರಿದು ತೀರವನ್ನೇ ಅಗಲ ಮಾಡಿದರು.

1844ರಲ್ಲಿ ನಾರ್ವಿಚ್–ಯಾರ್ಮತ್ ರೈಲು ಬಂದ ನಂತರ ಬ್ರಾಡ್ಸ್ ರಜಾಕಾಲದ ತಾಣವಾಯಿತು. 20ನೆಯ ಶತಮಾನದಲ್ಲಿ ರಸಗೊಬ್ಬರ ಮತ್ತು ಚರಂಡಿ ನೀರು ಕೆರೆಗಳನ್ನು ಕೆಡಿಸಿದವು. ತುಪ್ಪಳಕ್ಕೆಂದು ತಂದು ತಪ್ಪಿಸಿಕೊಂಡ ಕಾಯ್ಪು ಎಂಬ ದಕ್ಷಿಣ ಅಮೆರಿಕದ ದಂಶಕ ಜೊಂಡಿನ ದಡಗಳನ್ನೇ ತಿಂದಿತು. ಅದನ್ನು ಪೂರ್ತಿ ಹಿಡಿದು ಮುಗಿಸಲು 1989ರವರೆಗೆ ಬೇಕಾಯಿತು. ಅದೇ ವರ್ಷ ಬ್ರಾಡ್ಸ್‌ಗೆ ರಾಷ್ಟ್ರೀಯ ಉದ್ಯಾನಕ್ಕೆ ಸಮನಾದ ಅಧಿಕಾರ ಮಂಡಳಿ ಕೆಲಸ ಆರಂಭಿಸಿತು. ಅದಕ್ಕೆ ಸ್ವಲ್ಪ ಮೊದಲು ಹಾಲ್ವರ್‌ಗೇಟ್ ಹುಲ್ಲುಗಾವಲನ್ನು ಬಸಿದು ಉಳುವ ಪ್ರಯತ್ನ ದೇಶವ್ಯಾಪಿ ವಿವಾದವಾಗಿತ್ತು. 1985ರಲ್ಲಿ ಅಲ್ಲಿ ಹುಲ್ಲನ್ನು ಹುಲ್ಲಾಗಿಯೇ ಉಳಿಸಿದ ರೈತರಿಗೆ ಹಣ ಕೊಡುವ ಪ್ರಯೋಗ ಆರಂಭವಾಯಿತು. ಭೂದೃಶ್ಯ ಕಾಯುವುದಕ್ಕೆ ರೈತರಿಗೆ ಕೊಡುವ ಇಂಗ್ಲೆಂಡಿನ ಸಹಾಯಧನಕ್ಕೆ ಅದೇ ಮಾದರಿ.

ಉಳಿದ ಹೊಲನಾಡನ್ನು ಬದಲಿಸಿದ್ದು ಯುದ್ಧ ಮತ್ತು ಯಂತ್ರ. 1912ರಲ್ಲಿ ಕ್ಯಾಂಟ್ಲಿಯಲ್ಲಿ ಆರಂಭವಾದ ಕಾರ್ಖಾನೆಯಿಂದ ಸಕ್ಕರೆ ಬೀಟ್ ಟರ್ನಿಪ್‌ನ ಜಾಗ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಚಪ್ಪಟೆ ಬಯಲುಗಳ ಮೇಲೆ 30ಕ್ಕೂ ಹೆಚ್ಚು ವಿಮಾನನೆಲೆಗಳು ಬಂದವು. ಹಲವು ಕಾಂಕ್ರೀಟ್ ಓಡುದಾರಿಗಳ ಮೇಲೆ ಈಗ ಟರ್ಕಿ ಕೋಳಿ ಸಾಕುವ ಶೆಡ್‌ಗಳಿವೆ. ಯುದ್ಧಾನಂತರ ದೊಡ್ಡ ಯಂತ್ರಗಳು ತಿರುಗಲು ಜಾಗ ಬೇಕೆಂದು ಸಾವಿರಾರು ಮೈಲಿ ಬೇಲಿ ಕಿತ್ತರು, ಹಳೆಯ ಮಾರ್ಲ್ ಹೊಂಡಗಳನ್ನು ಮಣ್ಣು, ಕಸ ಸುರಿದು ಮುಚ್ಚಿದರು. ಇಷ್ಟಾದರೂ ಕೌಂಟಿಯಲ್ಲಿ 20,000ಕ್ಕೂ ಹೆಚ್ಚು ಹೊಂಡಗಳು ಉಳಿದಿವೆ. 2014ರಲ್ಲಿ ಆರಂಭವಾದ ನಾರ್ಫೋಕ್ ಹೊಂಡ ಯೋಜನೆಯವರು, ಹಳೆಯ ನಕ್ಷೆ ಹಿಡಿದು ಹೂತುಹೋದ ಹೊಂಡಗಳನ್ನು ಗುರುತಿಸಿ, ಮತ್ತೆ ಅಗೆದು ನೀರು ಬಿಡುತ್ತಿದ್ದಾರೆ. ಯುದ್ಧಕ್ಕೂ ಬಹಳ ಮೊದಲೇ ಮುಚ್ಚಿದ್ದ ಹೊಂಡಗಳಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಡಿ ಉಳಿದಿದ್ದ ನೀರುಸಸ್ಯಗಳ ಬೀಜಗಳು ಕೂಡ ಕೆಲವು ತಿಂಗಳಲ್ಲೇ ಮೊಳೆತಿವೆ.